ಅರ್ಧಕ್ಕೆ ನಿಂತ ಕೋವಿ ಹೇಳುವ ಪಾಠ

ಕೋವಿಯ ಚರಿತ್ರೆಯಲ್ಲಿ ಕೊನೆಯ ನೂರೈವತ್ತು ವರ್ಷಗಳನ್ನು ಬಿಟ್ಟರೆ ಉಳಿದ ಕಾಲದುದ್ದಕ್ಕೂ ಅದರ ಹೊಟ್ಟೆ ತುಂಬುತ್ತಿದ್ದುದು ಬಹುಮಟ್ಟಿಗೆ ಬಾಯಿಯಿಂದಲೇ. ನಳಿಗೆಯ ತುದಿಯಿಂದ ಮದ್ದು ಸುರಿದು, ಅದರ ಮೇಲೆ ಗುಂಡು ಇಟ್ಟು, ಗಜ ಎಂದು ಕರೆಯಲಾಗುವ ಉದ್ದನೆಯ ಕೋಲಿನಿಂದ ಅದನ್ನು ತಳದವರೆಗೆ ಒತ್ತಿ, ಆಮೇಲೆ ಹಿಂಬದಿಯ ಸಣ್ಣ ರಂಧ್ರದ ಮೂಲಕ ಒಳಗಿನ ಮದ್ದಿಗೆ ಕಿಡಿ ಮುಟ್ಟಿಸುವುದು ಈ ಆಯುಧದ ಕ್ರಮವಾಗಿತ್ತು. ಮದ್ದು, ಗುಂಡು, ಕಿಡಿ ಮೂರನ್ನೂ ಒಂದೇ ಲೋಹದ ಕೊಳವೆಯಲ್ಲಿ ಅಡಕ ಮಾಡಿದ ತೋಟಾ 19ನೆಯ ಶತಮಾನದ ಉತ್ತರಾರ್ಧದಲ್ಲಿ ಬಳಕೆಗೆ ಬಂದಾಗ, ಬಾಯಿಯಿಂದ ತುಂಬುವ ಕೋವಿಯ ಯುಗ ಮುಗಿಯಿತೆಂದು ಎಲ್ಲರೂ ಭಾವಿಸಿದರು. ಆದರೆ 20ನೆಯ ಶತಮಾನದ ಮೂರನೆಯ ದಶಕದಿಂದೀಚೆಗೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅದೇ ಹಳೆಯ ಕೋವಿಯ ಕಡೆಗೆ ಮರಳುವ ಒಂದು ಪ್ರವೃತ್ತಿ ಮೊದಲಾಗಿ, ಹಾಗೆ ಮರಳಿದವರಲ್ಲಿ ಅನೇಕರು ಹಾರಿಸುವುದಕ್ಕಷ್ಟೇ ತೃಪ್ತರಾಗದೆ ಕೈಯಾರೆ ಕೋವಿ ಮಾಡುವ ಕೆಲಸಕ್ಕೂ ಇಳಿದರು. ಗುರುಪರಂಪರೆ ಕಡಿದುಹೋದ ಕಸುಬೊಂದನ್ನು ವಸ್ತುಗಳನ್ನೇ ಗುರುವಾಗಿಸಿಕೊಂಡು ಮತ್ತೆ ಕಲಿತದ್ದರ ಅಪರೂಪದ ನಿದರ್ಶನವಿದು. ಈ ಕಲಿಕೆಗೆ ಗಾಜಿನ ಕಪಾಟಿನಲ್ಲಿ ಹೊಳೆಯುವ ಪೂರ್ಣಗೊಂಡ ಕೋವಿಗಿಂತ ಕೆಲಸದ ಮೇಜಿನ ಮೇಲೆ ಅರ್ಧಕ್ಕೆ ನಿಂತ ಕೋವಿಯೇ ಹೆಚ್ಚು ಸತ್ಯವಾದ ಸಾಕ್ಷಿ.

ನಳಿಗೆಯೊಳಗಿನ ಸುರುಳಿ

ಈ ಮರಳುವಿಕೆಯ ಕೇಂದ್ರದಲ್ಲಿರುವುದು ಪೆನ್ಸಿಲ್ವೇನಿಯಾದ ಉದ್ದ ರೈಫಲ್. 18ನೆಯ ಶತಮಾನದ ಮೊದಲ ಭಾಗದಲ್ಲಿ ಜರ್ಮನಿಯ ಪಲಾಟಿನೇಟ್ ಪ್ರಾಂತ್ಯದಿಂದಲೂ ಸ್ವಿಟ್ಜರ್ಲೆಂಡಿನಿಂದಲೂ ವಲಸೆ ಬಂದ ಜರ್ಮನ್ ಭಾಷಿಕರು ಲ್ಯಾಂಕಾಸ್ಟರ್ ಮತ್ತು ಅದರ ಸುತ್ತಲಿನ ಸೀಮೆಯಲ್ಲಿ ನೆಲೆಸಿದಾಗ, ಅವರೊಂದಿಗೆ ತಾಯ್ನಾಡಿನ ಗಿಡ್ಡ ನಳಿಗೆಯ, ದಪ್ಪ ಗುಂಡಿನ ಬೇಟೆಯ ರೈಫಲ್ ಕೂಡ ಬಂದಿತು. ಜರ್ಮನ್ ಭಾಷೆಯಲ್ಲಿ ಬೇಟೆಗಾರ ಎಂಬ ಅರ್ಥದ ‘ಯೇಗರ್’ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಹೊಸ ನಾಡಿನ ಕಾಡುಗಳಲ್ಲಿ ತಿಂಗಳುಗಟ್ಟಲೆ ಅಲೆಯುವ ಬೇಟೆಗಾರನಿಗೆ ಸೀಸವೂ ಮದ್ದೂ ದುಬಾರಿಯಾದ ಸರಕುಗಳಾದ್ದರಿಂದ ಕ್ರಮೇಣ ಗುಂಡು ಕಿರಿದಾಯಿತು, ನಳಿಗೆ ನೀಳವಾಯಿತು. ಸುಮಾರು 30 ಅಂಗುಲವಿದ್ದ ನಳಿಗೆ 42ರಿಂದ 46 ಅಂಗುಲದವರೆಗೆ ಬೆಳೆದು, ಮೇಪಲ್ ಮರದ ತೆಳು ಒಡಲಿನ, ಹಿತ್ತಾಳೆಯ ಅಲಂಕಾರದ ಹೊಸದೊಂದು ಆಕಾರ ಮೂಡಿತು.

ರೈಫಲ್ ಎಂಬ ಹೆಸರು ನಳಿಗೆಯ ಒಳಮೈಯಲ್ಲಿ ಕೊರೆದ ಸುರುಳಿ ತೋಡುಗಳಿಂದ ಬಂದದ್ದು. ಒಳಮೈ ನುಣುಪಾಗಿರುವ ಮಸ್ಕೆಟ್ ಎಂಬ ಸೈನಿಕರ ಕೋವಿಯಲ್ಲಿ ಗುಂಡು ನಳಿಗೆಗಿಂತ ಸಡಿಲವಾಗಿದ್ದು, ಹೊರಡುವಾಗ ಅತ್ತಿತ್ತ ಬಡಿದುಕೊಂಡು ಹೋಗುವುದರಿಂದ ಅದರ ದಿಕ್ಕು ನಂಬತಕ್ಕದ್ದಲ್ಲ. ಸುರುಳಿ ತೋಡಿನ ನಳಿಗೆಯಲ್ಲಿಯಾದರೋ ಗುಂಡು ಬುಗುರಿಯಂತೆ ತನ್ನ ಅಕ್ಷದ ಸುತ್ತ ತಿರುಗುತ್ತಾ ಹೊರಡುವುದರಿಂದ ದಾರಿ ತಪ್ಪುವುದು ಕಡಿಮೆ. ಕೊಬ್ಬು ಸವರಿದ ಬಟ್ಟೆಯ ತುಂಡಿನಲ್ಲಿ ಸೀಸದ ಉಂಡೆಯನ್ನು ಸುತ್ತಿ ಒಳಗೆ ತಳ್ಳಿದರೆ ಬಟ್ಟೆಯು ತೋಡುಗಳನ್ನು ಕಚ್ಚಿಕೊಂಡು ಗುಂಡನ್ನು ತಿರುಗಿಸುತ್ತದೆ. ಮಸ್ಕೆಟ್ಟಿನ ಗುರಿ ನೂರು ಮೀಟರಿನ ಒಳಗೇ ಅನಿಶ್ಚಿತವಾಗುತ್ತಿದ್ದರೆ, ಪಳಗಿದವನ ಕೈಯಲ್ಲಿ ರೈಫಲ್ ಅದರ ಇಮ್ಮಡಿ ದೂರಕ್ಕೂ ನಂಬಿಕಸ್ಥವಾಗಿತ್ತು. ಆದರೆ ಬಿಗಿಯಾದ ಗುಂಡನ್ನು ಒತ್ತಿ ತಳ ಮುಟ್ಟಿಸಲು ಹೆಚ್ಚು ಹೊತ್ತು ಬೇಕು; ಮಸ್ಕೆಟ್ ಹಿಡಿದ ಸಿಪಾಯಿ ನಿಮಿಷಕ್ಕೆ ಮೂರು ಈಡು ಹೊಡೆಯುವಲ್ಲಿ ರೈಫಲ್‌ಗಾರ ಒಂದೋ ಎರಡೋ ಹೊಡೆಯಬಲ್ಲ. ಮೇಲಾಗಿ ಆ ತೆಳುವಾದ ಕೋವಿಯ ತುದಿಗೆ ಬಯನೆಟ್ ಸಿಕ್ಕಿಸುವ ಅನುಕೂಲವೂ ಇರಲಿಲ್ಲ.

ಈ ಗುಣ ದೋಷಗಳೆರಡೂ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬೆಳಕಿಗೆ ಬಂದವು. 1775ರ ಜೂನ್ 14ರಂದು ವಸಾಹತುಗಳ ಕಾಂಗ್ರೆಸ್ಸು ತನ್ನ ಸೇನೆಗೆ ಮೊದಲು ಮಂಜೂರು ಮಾಡಿದ್ದು ಪೆನ್ಸಿಲ್ವೇನಿಯಾದ ಆರು, ಮೇರಿಲ್ಯಾಂಡಿನ ಎರಡು, ವರ್ಜೀನಿಯಾದ ಎರಡು, ಹೀಗೆ ಹತ್ತು ರೈಫಲ್ ತುಕಡಿಗಳನ್ನೇ. 1780ರ ಅಕ್ಟೋಬರ್ 7ರಂದು ಕಿಂಗ್ಸ್ ಮೌಂಟನ್ ಎಂಬ ಗುಡ್ಡದ ಮೇಲೆ ನಡೆದ ಕಾಳಗದಲ್ಲಿ ಬೆಟ್ಟಸೀಮೆಯ ರೈಫಲ್‌ಗಾರರು ಬ್ರಿಟಿಷ್ ಪಕ್ಷದ ಪಡೆಯನ್ನು ಸುತ್ತುವರಿದು ಸೋಲಿಸಿದಾಗ ಅದರ ನಾಯಕ ಪ್ಯಾಟ್ರಿಕ್ ಫರ್ಗ್ಯೂಸನ್ ಹತನಾದ. ಹಿಂಬದಿಯಿಂದ ಮದ್ದು ತುಂಬುವ ರೈಫಲ್ ಒಂದಕ್ಕೆ 1776ರಲ್ಲಿಯೇ ಪೇಟೆಂಟ್ ಪಡೆದಿದ್ದ ಈ ಸೇನಾನಿ ಬಾಯಿಯಿಂದ ತುಂಬುವ ಕೋವಿಗಳೆದುರು ಪ್ರಾಣ ಬಿಟ್ಟದ್ದು ಆಯುಧ ಚರಿತ್ರೆಯ ವಿಪರ್ಯಾಸಗಳಲ್ಲೊಂದು. 1815ರ ನ್ಯೂ ಆರ್ಲಿಯನ್ಸ್ ಕದನದ ಬಳಿಕ ಕೆಂಟಕಿಯ ಬೇಟೆಗಾರರನ್ನು ಹೊಗಳುವ ಹಾಡೊಂದು ದೇಶದಲ್ಲೆಲ್ಲ ಹರಡಿ, ಹೆಚ್ಚಾಗಿ ಪೆನ್ಸಿಲ್ವೇನಿಯಾದಲ್ಲಿ ತಯಾರಾಗುತ್ತಿದ್ದ ಕೋವಿಗೆ ಕೆಂಟಕಿ ರೈಫಲ್ ಎಂಬ ಹೆಸರನ್ನು ಅಂಟಿಸಿತು.

ಕಡಿದ ಎಳೆ, ಕೂಡಿಸಿದ ಗಂಟು

ಸ್ಕಾಟ್‌ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕವನ್ನು ಕೋವಿಗೆ ಅಳವಡಿಸಿ 1807ರಲ್ಲಿ ಪೇಟೆಂಟ್ ಪಡೆದ ಮೇಲೆ ಚಕಮಕಿ ಕಲ್ಲಿನ ಜಾಗಕ್ಕೆ ಕೇಪು, ಅಂದರೆ ಸಿಡಿಮದ್ದು ತುಂಬಿದ ಪುಟ್ಟ ತಾಮ್ರದ ಟೋಪಿ, ಬಂದಿತು. ಅದರ ಹಿಂದೆಯೇ ಕಾರ್ಖಾನೆಯ ನಳಿಗೆಗಳು, ತೋಟಾಗಳು, ಹೊಗೆ ಕಡಿಮೆಯ ಮದ್ದು ಒಂದೊಂದಾಗಿ ಬಂದು, ಹಳ್ಳಿಯ ಕೋವಿ ಕಮ್ಮಾರನಿಗೆ ರಿಪೇರಿ ಕೆಲಸವನ್ನಷ್ಟೇ ಉಳಿಸಿದವು. ಅಪಲೇಚಿಯನ್ ಬೆಟ್ಟಸಾಲಿನ ಒಳನಾಡುಗಳಲ್ಲಿ ಮಾತ್ರ ಎತ್ತಿನ ಮಾಂಸವನ್ನು ಬಹುಮಾನವಾಗಿ ಹಂಚುವ ಗುರಿ ಪಂದ್ಯಗಳ ನೆವದಿಂದ ಹಳೆಯ ರೈಫಲ್ ಬಳಕೆಯಲ್ಲಿ ಉಳಿದುಕೊಂಡಿತ್ತು. ಟೆನ್ನೆಸ್ಸಿಯ ಹ್ಯಾಕರ್ ಮಾರ್ಟಿನ್‌ನಂತಹ ಕೆಲವೇ ಕುಶಲಿಗಳು ಹಳೆಯ ಉಪಕರಣಗಳನ್ನೂ ಕ್ರಮವನ್ನೂ 20ನೆಯ ಶತಮಾನದ ಮಧ್ಯದವರೆಗೆ ದಾಟಿಸಿದರು.

ಮರಳುವಿಕೆ ಪುಸ್ತಕದಿಂದಲೂ ಪಂದ್ಯದಿಂದಲೂ ಏಕಕಾಲದಲ್ಲಿ ಆರಂಭವಾಯಿತೆನ್ನಬಹುದು. ಜಾನ್ ಡಿಲಿನ್ ಕೆಂಟಕಿ ರೈಫಲ್ ಕುರಿತ ತನ್ನ ಗ್ರಂಥವನ್ನು 1924ರಲ್ಲಿ ಪ್ರಕಟಿಸಿದ. ಒಹಾಯೊ ರಾಜ್ಯದ ಪೋರ್ಟ್ಸ್‌ಮತ್‌ನಲ್ಲಿ 1931ರಲ್ಲಿ ನಡೆದ ಹಳೆಯ ಕೋವಿಗಳ ಗುರಿ ಪಂದ್ಯದ ಬೆನ್ನಿಗೆ, ಬಾಯಿಯಿಂದ ತುಂಬುವ ರೈಫಲ್‌ಗಳ ರಾಷ್ಟ್ರೀಯ ಸಂಘ 1933ರಲ್ಲಿ ಸ್ಥಾಪನೆಯಾಯಿತು. ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಸಣ್ಣ ಊರು ಅದರ ನೆಲೆಯಾಗಿದೆ. 1960ರಲ್ಲಿ ಜೋ ಕಿಂಡಿಗ್ ಮತ್ತು ಹೆನ್ರಿ ಕಾಫ್‌ಮನ್ ಅವರ ಗ್ರಂಥಗಳು ಒಂದೇ ವರ್ಷ ಹೊರಬಂದು, ಯಾವ ಕಸುಬುದಾರ ಯಾವ ಸೀಮೆಯಲ್ಲಿ ಯಾವ ಬಗೆಯ ಕೆತ್ತನೆ ಮಾಡುತ್ತಿದ್ದನೆಂಬ ಅಧ್ಯಯನಕ್ಕೆ ಅಡಿಪಾಯ ಹಾಕಿದವು.

ಆದರೆ ನೋಡಿ ಗುರುತಿಸುವುದು ಬೇರೆ, ಮಾಡಿ ತೋರಿಸುವುದು ಬೇರೆ. ಎರಡನೆಯದನ್ನು ಸಾರ್ವಜನಿಕರೆದುರು ಸಾಧಿಸಿದವರು ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನ ವಾಲೆಸ್ ಗಸ್ಲರ್. ವಸಾಹತು ಕಾಲದ ಊರನ್ನು ಅಂದಿನಂತೆಯೇ ಪುನರ್ನಿರ್ಮಿಸಿ ನಡೆಸಲಾಗುತ್ತಿರುವ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಕೋವಿ ಕಮ್ಮಾರರಾಗಿದ್ದ ಅವರು ಕಬ್ಬಿಣದ ಪಟ್ಟಿಯೊಂದರಿಂದ ಹೊರಟು ಪೂರ್ಣ ರೈಫಲ್ ಒಂದನ್ನು 18ನೆಯ ಶತಮಾನದ ವಿಧಾನದಲ್ಲಿಯೇ ತಯಾರಿಸುವುದನ್ನು 1969ರ ಸಾಕ್ಷ್ಯಚಿತ್ರವೊಂದು ಆದ್ಯಂತವಾಗಿ ದಾಖಲಿಸಿದೆ. ಅದಾದ ಹತ್ತು ವರ್ಷಕ್ಕೆ, ಜಾರ್ಜಿಯಾ ರಾಜ್ಯದ ರೇಬನ್ ಕೌಂಟಿಯ ಶಾಲಾ ಮಕ್ಕಳು ಬೆಟ್ಟದ ಹಿರಿಯರನ್ನು ಕಂಡು ಬರೆದಿಟ್ಟ ‘ಫಾಕ್ಸ್‌ಫೈರ್’ ಮಾಲೆಯ ಐದನೆಯ ಸಂಪುಟ ಕಬ್ಬಿಣದ ಕೆಲಸಕ್ಕೂ ಚಕಮಕಿ ರೈಫಲ್‌ಗಳಿಗೂ ವಿಸ್ತಾರವಾದ ಪುಟಗಳನ್ನು ಮೀಸಲಿಟ್ಟಿತು. ಈ ನಡುವೆ 1968ರ ಬಂದೂಕು ನಿಯಂತ್ರಣ ಕಾಯಿದೆಯು 1898ರವರೆಗಿನ ಕೋವಿಗಳನ್ನೂ ಚಕಮಕಿ ಹಾಗೂ ಕೇಪಿನ ಮಾದರಿಯ ಅವುಗಳ ಪ್ರತಿಕೃತಿಗಳನ್ನೂ ಪುರಾತನ ವಸ್ತುಗಳ ವರ್ಗಕ್ಕೆ ಸೇರಿಸಿ ಒಕ್ಕೂಟ ಸರ್ಕಾರದ ಹಲವು ನಿರ್ಬಂಧಗಳಿಂದ ಹೊರಗಿಟ್ಟಿದ್ದರಿಂದ, ಹವ್ಯಾಸಿಗಳಿಗೆ ಭಾಗಗಳನ್ನು ತರಿಸಿಕೊಂಡು ಮನೆಯಲ್ಲಿಯೇ ಕೋವಿ ಜೋಡಿಸುವ ದಾರಿ ಸುಗಮವಾಯಿತು.

ಕುಲುಮೆಯಿಂದ ಉಳಿಯವರೆಗೆ

ಹಳೆಯ ಕ್ರಮದ ರೈಫಲ್ ಮಾಡುವವನು ಒಬ್ಬನೇ ಆಗಿ ಕಮ್ಮಾರ, ಬಡಗಿ, ಕಂಚುಗಾರ, ಅಕ್ಕಸಾಲಿ ನಾಲ್ವರ ಕೆಲಸವನ್ನೂ ಮಾಡಬೇಕಾಗುತ್ತದೆ. ನಳಿಗೆಗಾಗಿ ಚಪ್ಪಟೆ ಕಬ್ಬಿಣದ ಪಟ್ಟಿಯನ್ನು ಕುಲುಮೆಯಲ್ಲಿ ಬೆಳ್ಳಗೆ ಕಾಯಿಸಿ, ಸರಳೊಂದರ ಸುತ್ತ ಬಳಸಿ, ಅಂಚಿಗೆ ಅಂಚು ಕೂಡುವಂತೆ ಒಂದೊಂದೇ ಅಂಗುಲ ಬಡಿದು ಬೆಸೆಯಲಾಗುತ್ತಿತ್ತು. ಬೆಸುಗೆಯಲ್ಲಿ ಕಿಟ್ಟ ಸಿಕ್ಕಿಕೊಂಡರೆ ಆ ನಳಿಗೆ ಮುಂದೊಂದು ದಿನ ಸೀಳಬಹುದಾದ್ದರಿಂದ ಈ ಹಂತ ಕಸುಬುದಾರನ ಪ್ರಾಮಾಣಿಕತೆಗೂ ಪರೀಕ್ಷೆಯಾಗಿತ್ತು. ಬಳಿಕ ಒಳಗನ್ನು ಬೈರಿಗೆಯಿಂದ ಕೊರೆದು ನೇರಗೊಳಿಸಿ, ಹೊರಗನ್ನು ಎಂಟು ಮುಖಗಳಾಗಿ ಅರದಿಂದ ತಿದ್ದಿ, ಕೊನೆಗೆ ಸುರುಳಿ ತೋಡುವ ಕೆಲಸ. ಅದಕ್ಕಾಗಿ ಬಳಸುತ್ತಿದ್ದ ಮರದ ಸಾಧನದಲ್ಲಿ ಮೈಮೇಲೆ ಸುರುಳಿ ಗೀರುಗಳಿರುವ ದಪ್ಪ ದಿಂಡೊಂದು ಹಲ್ಲುಗಳ ನಡುವೆ ಹಿಂದೆ ಮುಂದೆ ಸರಿಯುತ್ತಾ ತಾನೂ ತಿರುಗಿ, ತನಗೆ ಕೂಡಿಸಿದ ಕೋಲಿನ ತುದಿಯ ಪುಟ್ಟ ಗರಗಸವನ್ನೂ ನಳಿಗೆಯೊಳಗೆ ತಿರುಗಿಸುತ್ತದೆ. ಪ್ರತಿ ಎಳೆತಕ್ಕೆ ಕೂದಲೆಳೆಯಷ್ಟೇ ಕಬ್ಬಿಣ ಬರುವುದರಿಂದ ಗರಗಸದ ಕೆಳಗೆ ಒಂದೊಂದೇ ಕಾಗದದ ಚೂರು ಸೇರಿಸಿ ಎತ್ತರಿಸುತ್ತಾ ಹೋಗಬೇಕು; ಸಾಮಾನ್ಯವಾಗಿ ಏಳು ತೋಡುಗಳು, ಪ್ರತಿಯೊಂದಕ್ಕೂ ನೂರಾರು ಎಳೆತಗಳು.

ಲಾಕು ಎಂದು ಕರೆಯುವ ಕಿಡಿಯ ಯಂತ್ರದ ಸೂಕ್ಷ್ಮ ಬೇರೆಯದು. ಚಕಮಕಿ ಕಲ್ಲನ್ನು ದವಡೆಯಲ್ಲಿ ಕಚ್ಚಿಕೊಂಡ ಕುದುರೆಯು ಬಲವಾದ ಸ್ಪ್ರಿಂಗಿನ ಒತ್ತಡದಿಂದ ಮುನ್ನುಗ್ಗಿ, ಎದುರಿನ ಉಕ್ಕಿನ ಫಲಕವನ್ನು ಕೆರೆದು ತೆರೆದಾಗ, ಉಕ್ಕಿನಿಂದ ಕಿತ್ತುಬಂದ ಕಣಗಳೇ ಉರಿದು ಕಿಡಿಗಳಾಗಿ ಕೆಳಗಿನ ಬಟ್ಟಲಿಗೆ ಬೀಳುತ್ತವೆ. ಬಟ್ಟಲಿನಲ್ಲಿರುವ ನುಣ್ಣನೆಯ ಮದ್ದಿಗೆ ನಮ್ಮಲ್ಲಿ ರಂಜಕ ಎಂಬ ಹೆಸರಿದೆ. ರಂಜಕದ ಉರಿಯು ನಳಿಗೆಯ ಪಕ್ಕದ ಸಣ್ಣ ರಂಧ್ರ, ಎಂದರೆ ಕೋವಿಯ ಕಿವಿಯ ಮೂಲಕ ಒಳಹೊಕ್ಕು ಒಳಗಿನ ಮದ್ದನ್ನು ಹೊತ್ತಿಸುತ್ತದೆ. ಫಲಕ ಮೆತ್ತಗಿದ್ದರೆ ಕಿಡಿ ಬರದು, ಸ್ಪ್ರಿಂಗು ಪೆಡಸಾಗಿದ್ದರೆ ಮುರಿಯುತ್ತದೆ. ಆದ್ದರಿಂದ ಒಂದೇ ಲಾಕಿನ ಬೇರೆ ಬೇರೆ ತುಂಡುಗಳಿಗೆ ಬೇರೆ ಬೇರೆ ಹದ ಕೊಡಬೇಕಾಗುತ್ತದೆ.

ಇವೆರಡನ್ನೂ ಹೊರುವ ಮರದ ಒಡಲಿನ ಕೆಲಸವೇ ಎಲ್ಲಕ್ಕಿಂತ ನಿಧಾನದ್ದು. ಲೋಹದ ಭಾಗಕ್ಕೆ ದೀಪದ ಮಸಿ ಬಳಿದು ಮರದ ಮೇಲೆ ಒತ್ತಿದರೆ ತಾಗಿದ ಕಡೆಗಳಲ್ಲಿ ಕಪ್ಪು ಗುರುತು ಬೀಳುತ್ತದೆ. ಉಳಿಯಿಂದ ಆ ಗುರುತನ್ನಷ್ಟೇ ಹೆರೆದು, ಮತ್ತೆ ಮಸಿ ಬಳಿದು, ಮತ್ತೆ ಒತ್ತಿ, ಮತ್ತೆ ಹೆರೆಯುತ್ತಾ ಹೋದಂತೆ ಕಬ್ಬಿಣವು ಮರದೊಳಗೆ ಕೂದಲೆಳೆಯ ಸಂದೂ ಇಲ್ಲದಂತೆ ಕೂರುತ್ತದೆ. ಒಡಲು ಸಿದ್ಧವಾದ ಮೇಲೆ ಕಬ್ಬಿಣ ಕರಗಿಸಿದ ನೈಟ್ರಿಕ್ ಆಮ್ಲವನ್ನು ಹಚ್ಚಿ ಶಾಖ ತೋರಿಸಿದಾಗ ಮೇಪಲ್ ಮರದ ಅಲೆಯಲೆಯಾದ ನಾರು ಹುಲಿಪಟ್ಟೆಯಂತೆ ಎದ್ದು ಕಾಣುತ್ತದೆ.

ಅರ್ಧಕ್ಕೆ ನಿಲ್ಲುವುದೇಕೆ

ಮನೆಯಲ್ಲಿ ಕೋವಿ ಮಾಡಲು ಹೊರಟವರ ಕೆಲಸದ ಮೇಜುಗಳಲ್ಲಿ ವರ್ಷಗಟ್ಟಲೆ ಅರ್ಧಕ್ಕೆ ನಿಂತ ಒಡಲುಗಳು ಕಾಣಸಿಗುವುದನ್ನು ಸೋಮಾರಿತನವೆಂದಷ್ಟೇ ತಿಳಿಯುವುದು ಸರಿಯಲ್ಲ. ಈ ಕಸುಬಿನಲ್ಲಿ ಹೆರೆದ ಮರವನ್ನು ಮತ್ತೆ ಅಂಟಿಸಲಾಗದಂತಹ ಘಟ್ಟಗಳು ಒಂದರ ಹಿಂದೊಂದು ಬರುತ್ತವೆ. ನಳಿಗೆಯ ತಳವನ್ನು ಮುಚ್ಚುವ ತಿರುಪು ಎಲ್ಲಿ ಮುಗಿಯುತ್ತದೆಯೋ ಅದರ ಸ್ವಲ್ಪ ಮುಂದೆಯೇ ಕೋವಿಯ ಕಿವಿ ಬರಬೇಕು, ಕಿವಿಯ ನೇರಕ್ಕೇ ಲಾಕಿನ ಬಟ್ಟಲು ಬರಬೇಕು, ಲಾಕಿನೊಳಗಿನ ಸನ್ನೆಯ ನೇರಕ್ಕೆ ಟ್ರಿಗರ್ ಬರಬೇಕು. ಇವುಗಳಲ್ಲಿ ಮೊದಲನೆಯದು ಎಳ್ಳಷ್ಟು ತಪ್ಪಿದರೆ ಉಳಿದುವೆಲ್ಲ ತಪ್ಪುತ್ತವೆ. ಗಜ ಇಡಲು ಒಡಲಿನ ಉದ್ದಕ್ಕೆ ಕೊರೆಯುವ ರಂಧ್ರಕ್ಕೂ ನಳಿಗೆ ಕೂರುವ ಕಾಲುವೆಗೂ ನಡುವೆ ಉಳಿಯುವ ಮರ ಬೆರಳಿನ ಕಾಲುಭಾಗದಷ್ಟೂ ದಪ್ಪವಿರುವುದಿಲ್ಲವಾದ್ದರಿಂದ, ಬೈರಿಗೆ ಸ್ವಲ್ಪ ಅಡ್ಡದಾರಿ ಹಿಡಿದರೂ ತಿಂಗಳುಗಳ ಶ್ರಮ ಸೌದೆಯಾಗುತ್ತದೆ. ಹಿಂದಿನ ಕಾಲದ ಅಂಗಡಿಯಲ್ಲಿ ಇಂತಹ ಘಟ್ಟ ಬಂದಾಗ ಕಲಿಯುವ ಹುಡುಗನ ಹೆಗಲ ಹಿಂದೆ ಯಜಮಾನ ನಿಂತಿರುತ್ತಿದ್ದ. ಇಂದಿನ ಹವ್ಯಾಸಿ ಒಂಟಿಯಾದ್ದರಿಂದ ಉಳಿಯನ್ನು ಕೆಳಗಿಟ್ಟು ಯೋಚಿಸುತ್ತಾನೆ, ಆ ಯೋಚನೆ ಕೆಲವೊಮ್ಮೆ ಹತ್ತು ವರ್ಷ ಹಿಡಿಯುತ್ತದೆ. ಈ ಒಂಟಿತನವನ್ನು ನೀಗಿಸುವುದಕ್ಕಾಗಿಯೇ ಕೆಂಟಕಿಯ ಬೌಲಿಂಗ್ ಗ್ರೀನ್‌ನ ವಿಶ್ವವಿದ್ಯಾಲಯದಲ್ಲಿ ಕೋವಿ ತಯಾರಿಕೆಯ ಶಿಬಿರಗಳು ನಡೆದವು. 1996ರಲ್ಲಿ ಸಮಕಾಲೀನ ಉದ್ದ ರೈಫಲ್ ತಯಾರಕರ ಪ್ರತ್ಯೇಕ ಸಂಘವೂ ಹುಟ್ಟಿಕೊಂಡಿತು.

ಅರ್ಧಕ್ಕೆ ನಿಂತ ಕೋವಿಯ ಬೆಲೆ ತಿಳಿಯುವುದು ಇಲ್ಲಿಯೇ. ಪೂರ್ಣಗೊಂಡ ಕೋವಿಯಲ್ಲಿ ಕಸುಬುದಾರ ತನ್ನ ಹೆಜ್ಜೆಗಳನ್ನೆಲ್ಲ ತಾನೇ ಅಳಿಸಿರುತ್ತಾನೆ. ಅರದ ಗೀರು ನುಣುಪಾಗುತ್ತದೆ, ಉಳಿಯ ಪೆಟ್ಟು ಎಣ್ಣೆಯ ಕೆಳಗೆ ಮುಚ್ಚಿಹೋಗುತ್ತದೆ. ಹಳೆಯ ರೈಫಲ್‌ಗಳ ವಿಧಾನವನ್ನು ಅರಿಯಲು ಹೊರಟ ವಿದ್ವಾಂಸರು ಹೊರಗಿನ ಕೆತ್ತನೆಯ ಸೊಬಗಿಗೆ ಮರುಳಾಗದೆ, ನಳಿಗೆಯನ್ನು ಬಿಚ್ಚಿ, ಯಾರೂ ನೋಡುವುದಿಲ್ಲವೆಂದು ನಯಗೊಳಿಸದೆ ಬಿಟ್ಟ ಒಳಗಿನ ಕಾಲುವೆಯಲ್ಲಿ ಯಾವ ಉಪಕರಣದ ಗುರುತು ಯಾವುದರ ಮೇಲೆ ಬಿದ್ದಿದೆ ಎಂಬುದನ್ನು ಓದಬೇಕಾಯಿತು. ಪ್ರತಿಯೊಂದು ಮುಗಿದ ಕೋವಿಯ ಒಳಗೂ ಮುಗಿಯದ ಭಾಗವೊಂದಿದ್ದು, ಕಡಿದ ಪರಂಪರೆಗೆ ಗಂಟು ಹಾಕಿದ್ದು ಆ ಭಾಗವೇ. ಇಂದಿನ ಹವ್ಯಾಸಿಯ ಮೇಜಿನ ಮೇಲೆ ನಿಂತುಹೋದ ಒಡಲಿನಲ್ಲಿ ಅದೇ ವಿದ್ಯೆ ಬಯಲಾಗಿ ಕುಳಿತಿರುತ್ತದೆ. ಮಸಿಯ ಗುರುತು, ಸೀಸದ ಕಡ್ಡಿಯ ಗೆರೆ, ತಪ್ಪಿ ಬಿದ್ದ ಉಳಿಯ ಪೆಟ್ಟು, ಎಲ್ಲವೂ ಕೆಲಸದ ಅನುಕ್ರಮವನ್ನು ಹೇಳುತ್ತವೆ.

ಮರಳುವಿಕೆಯಲ್ಲಿಯೂ ಎರಡು ಬಗೆಗಳಿವೆ. 1980ರ ದಶಕದ ಮಧ್ಯದಲ್ಲಿ ಮಿಸೌರಿಯ ಟೋನಿ ನೈಟ್ ರೂಪಿಸಿದ ಮಾದರಿಯ ಬಳಿಕ, ಬಾಯಿಯಿಂದಲೇ ತುಂಬುವ ಆದರೆ ಉಳಿದೆಲ್ಲದರಲ್ಲಿ ಆಧುನಿಕ ರೈಫಲನ್ನು ಹೋಲುವ ಕೋವಿಗಳು ಬೇಟೆಗಾರರಲ್ಲಿ ಜನಪ್ರಿಯವಾದವು. ಹಳೆಯ ಕೋವಿಗೆಂದು ರಾಜ್ಯಗಳು ಮೀಸಲಿಟ್ಟ ಬೇಟೆಯ ದಿನಗಳನ್ನು ಹೊಸ ಕೋವಿಯಿಂದ ಬಳಸಿಕೊಳ್ಳಲು ಅವು ನೆರವಾದವು. ಇದಕ್ಕೆ ವ್ಯತಿರಿಕ್ತವಾಗಿ ಪೆನ್ಸಿಲ್ವೇನಿಯಾ 1974ರಲ್ಲಿ ಆರಂಭಿಸಿದ ಚಳಿಗಾಲದ ವಿಶೇಷ ಋತುವಿನಲ್ಲಿ ಚಕಮಕಿ ಕಲ್ಲಿನ ಕೋವಿಗಷ್ಟೇ ಅವಕಾಶವನ್ನು ಉಳಿಸಿಕೊಂಡಿತು. ಸಾಂಪ್ರದಾಯಿಕ ಕೋವಿಗೆ ಮರಳಿದವನು ಒಂದೇ ಈಡಿನ ಮಿತಿಯನ್ನೂ, ಮಳೆಯಲ್ಲಿ ರಂಜಕ ನೆನೆಯುವ ತೊಡಕನ್ನೂ, ಹಾರಿಸಿದ ಮೇಲೆ ನಳಿಗೆ ತೊಳೆಯುವ ಬೇಸರವನ್ನೂ ತಿಳಿದೇ ಒಪ್ಪಿಕೊಂಡಿರುತ್ತಾನೆ.

ಕನ್ನಡ ನಾಡಿನ ಕೋವಿ

ಕರ್ನಾಟಕಕ್ಕೆ ಈ ಕಥೆ ಪರಕೀಯವಲ್ಲ. ಪೆನ್ಸಿಲ್ವೇನಿಯಾದ ರೈಫಲ್ ತನ್ನ ಉಚ್ಛ್ರಾಯದಲ್ಲಿದ್ದ 18ನೆಯ ಶತಮಾನದ ಕೊನೆಯ ದಶಕಗಳಲ್ಲಿಯೇ ಟಿಪ್ಪು ಸುಲ್ತಾನನ ಆಳ್ವಿಕೆಯ ಶ್ರೀರಂಗಪಟ್ಟಣದಲ್ಲಿ ಚಕಮಕಿ ಕೋವಿಗಳು ತಯಾರಾಗುತ್ತಿದ್ದವು. ಹುಲಿಪಟ್ಟೆಯ ಚಿಹ್ನೆ ಹೊತ್ತ ಅವುಗಳಲ್ಲಿ ಕೆಲವು 1799ರ ಸೋಲಿನ ಬಳಿಕ ಬ್ರಿಟನ್ನಿನ ಸಂಗ್ರಹಗಳನ್ನು ಸೇರಿದವು. ಪೂರ್ಣಗೊಂಡ ಸೊಬಗಿನ ವಸ್ತುಗಳು ಹೀಗೆ ಹೊರನಾಡಿಗೆ ಹೋದರೂ, ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯಿಂದ 2018ರಲ್ಲಿ ಹೊರತೆಗೆದ ಆ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು, ಮದ್ದಿನ ಕಸುಬಿನ ಸಾಕ್ಷ್ಯ ಈ ನೆಲದಲ್ಲಿಯೇ ಹುದುಗಿದೆ ಎಂಬುದನ್ನು ತೋರಿಸಿಕೊಟ್ಟವು.

ಕೊಡಗಿನಲ್ಲಿ ಕೋವಿ ಇಂದಿಗೂ ಮನೆತನದ ಬದುಕಿನ ಭಾಗ. ಕೈಲ್‌ಪೊಳ್ದ್ ಹಬ್ಬದಂದು ತೋಕ್ ಎಂದು ಕೊಡವ ಭಾಷೆಯಲ್ಲಿ ಕರೆಯುವ ಕೋವಿಯನ್ನು ಇತರ ಆಯುಧಗಳೊಂದಿಗೆ ಇಟ್ಟು, ತೋಕ್ ಪೂ ಎಂಬ ಹೂವಿನಿಂದ ಸಿಂಗರಿಸಿ ಪೂಜಿಸಲಾಗುತ್ತದೆ. ಹುಟ್ಟು ಸಾವುಗಳನ್ನು ಈಡು ಹೊಡೆದು ಸಾರುವ ರೂಢಿಯೂ ಇದೆ. ಬ್ರಿಟಿಷರ ಕಾಲದಿಂದ ಬಂದ ಶಸ್ತ್ರಾಸ್ತ್ರ ಕಾಯಿದೆಯ ವಿನಾಯಿತಿಯನ್ನು ಕೇಂದ್ರ ಸರ್ಕಾರ ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೂ 2029ರವರೆಗೆ ವಿಸ್ತರಿಸಿದೆ, ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ತಳ್ಳಿಹಾಕಿದೆ. ಮಲೆನಾಡಿನ ರೈತನಿಗೆ ಬೆಳೆ ರಕ್ಷಣೆಗೆಂದು ಪರವಾನಗಿಯ ಮೇಲೆ ದೊರೆಯುವ ಒಂಟಿ ನಳಿಗೆಯ ಕೇಪಿನ ಕೋವಿ ಕೂಡ ಬಾಯಿಯಿಂದಲೇ ತುಂಬುವಂಥದ್ದು. ಚುನಾವಣೆ ಬಂದಾಗಲೆಲ್ಲ ಅದನ್ನು ಪೊಲೀಸ್ ಠಾಣೆಯಲ್ಲಿ ಒಪ್ಪಿಸಿ ಬರುವುದು ಅವನಿಗೆ ಪರಿಚಿತವಾದ ತಾಪತ್ರಯ.

ಒಂದು ವ್ಯತ್ಯಾಸವನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು. ಅಮೆರಿಕದ ಹವ್ಯಾಸಿ ತನ್ನ ಮನೆಯ ಕೊಟ್ಟಿಗೆಯಲ್ಲಿ ಕೋವಿ ಮಾಡಬಹುದು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಬಂದೂಕು ತಯಾರಿಸುವುದು ಶಿಕ್ಷಾರ್ಹ ಅಪರಾಧ, ಕಳ್ಳಬೇಟೆಯ ಚರಿತ್ರೆಯನ್ನು ನೆನೆದರೆ ಆ ನಿರ್ಬಂಧಕ್ಕೆ ಕಾರಣಗಳೂ ಇವೆ. ಆದ್ದರಿಂದ ಅಲ್ಲಿನ ಮರಳುವಿಕೆಯಿಂದ ಇಲ್ಲಿ ಕಲಿಯಬೇಕಾದದ್ದು ಕೋವಿ ಮಾಡುವುದನ್ನಲ್ಲ, ಕಸುಬನ್ನು ದಾಖಲಿಸುವುದನ್ನು. ಗಜ, ರಂಜಕ, ಕುದುರೆ, ಕಿವಿ, ಈಡು, ಕೇಪು ಎಂಬ ಮಾತುಗಳು ಕನ್ನಡದಲ್ಲಿ ಮೊದಲೇ ಇದ್ದುದರಿಂದಲೇ ದೂರದ ಪೆನ್ಸಿಲ್ವೇನಿಯಾದ ಕೋವಿಯನ್ನು ಈ ಲೇಖನದಲ್ಲಿ ಬಿಡಿಸಿ ಹೇಳುವುದು ಸಾಧ್ಯವಾಯಿತು. ಆ ಮಾತುಗಳ ಹಿಂದೆ ಕೋವಿ ಹಿಡಿದವರಷ್ಟೇ ಅಲ್ಲ, ಕೋವಿಯ ಕುದುರೆಯನ್ನು ಅರದಿಂದ ತಿದ್ದಿದ, ಮುರಿದ ಹಿಡಿಗೆ ಹೊಸ ಮರ ಕೂರಿಸಿದ ಕಮ್ಮಾರರೂ ಬಡಗಿಗಳೂ ಇದ್ದರು. ರೇಬನ್ ಕೌಂಟಿಯ ಶಾಲಾ ಮಕ್ಕಳು ತಮ್ಮ ಬೆಟ್ಟದ ಹಿರಿಯರ ಬಳಿ ಮಾಡಿದ ಕೆಲಸವನ್ನು ಮಲೆನಾಡಿನ, ಕೊಡಗಿನ ಕಾಲೇಜುಗಳು ತಮ್ಮ ಊರಿನ ಹಳೆಯ ಕುಲುಮೆಗಳ ಬಳಿ ಮಾಡಬೇಕು. ಅಲ್ಲಿ ಅರ್ಧಕ್ಕೆ ನಿಂತ ಒಡಲೊಂದೋ ಬಿಡಿ ಲಾಕೊಂದೋ ಸಿಕ್ಕರೆ ಅದನ್ನು ಗುಜರಿಗೆ ಹಾಕದೆ, ಕಾನೂನಿನಂತೆ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿ, ಅದನ್ನು ಮಾಡಿದವರ ಮಾತಿನಲ್ಲಿಯೇ ಅದರ ವಿವರವನ್ನು ಬರೆದಿಡಬೇಕು.